ಬಾಗಿಲಿಗೆ ಕಟ್ಟಿದ ಲಕ್ಕಿಸೊಪ್ಪು

ಬೀಡಿ ಸಿಗರೇಟು ಏನಾದರೂ ಸೇದುತ್ತೀರಾ ಎಂದು ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಸುಗಟೂರಿನ ಸುಬ್ಬರಾಯಪ್ಪ ಇಲ್ಲ ಎಂದ. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಭಾರತಮ್ಮನೂ ಇಲ್ಲವೆಂದೇ ತಲೆಯಾಡಿಸಿದಳು. ಇಬ್ಬರೂ ಸುಳ್ಳು ಹೇಳಲಿಲ್ಲ. ಆ ದಿನ ಅವರ ರೇಷ್ಮೆ ಹುಳುಮನೆಯಲ್ಲಿ ಬೆಳೆ ಇತ್ತು. ಬೆಳೆ ಇರುವಾಗ ಸುಬ್ಬರಾಯಪ್ಪ ಬೀಡಿ ಮುಟ್ಟುವವನಲ್ಲ. ಡಾಕ್ಟರು ಚೀಟಿಯಲ್ಲಿ ಏನೋ ಬರೆದುಕೊಂಡು ಸಕ್ಕರೆ ಪರೀಕ್ಷೆಗೆ ಕಳಿಸಿದರು. ಸಕ್ಕರೆ ಇರಲಿಲ್ಲ. ಮುಲಾಮು, ಮಾತ್ರೆ ತೆಗೆದುಕೊಂಡು ಇಬ್ಬರೂ ಸಂಜೆಯ ಬಸ್ಸಿಗೆ ಊರಿಗೆ ಬಂದರು. ಹೀಗೆ ಎಂಟು ತಿಂಗಳಲ್ಲಿ ಎರಡು ಸಲ ಹೋದರು, ಎರಡು ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಬಲಗಾಲಿನ ಹೆಬ್ಬೆರಳ ಪಕ್ಕದ ಬೆರಳಿನ ಹುಣ್ಣು ಮಾತ್ರ ಒಣಗಿದಂತೆ ಮಾಡಿ ಮತ್ತೆ ಒಡೆಯುತ್ತಿತ್ತು. ಬೆರಳಿನ ತುದಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು.

ಸುಬ್ಬರಾಯಪ್ಪನಿಗೆ ಆಗ ನಲವತ್ತೇಳು. ಊರಿನಲ್ಲಿ ರೇಷ್ಮೆ ಹುಳು ಸಾಕುವವರು ಬಹಳ ಜನ ಇದ್ದರೂ ಯಾರಿಗಾದರೂ ಹುಳು ಸೊಪ್ಪು ಬಿಟ್ಟರೆ, ತಲೆ ಎತ್ತಿಕೊಂಡು ಸುಮ್ಮನೆ ಕೂತರೆ, ಅವನನ್ನೇ ಕರೆಯುತ್ತಿದ್ದರು. ಅವನು ಒಳಗೆ ಬಂದು ತಟ್ಟೆಯ ಮೇಲೆ ಕಿವಿಯಿಟ್ಟು ಕೇಳುವನು. ಹಸಿದ ಹುಳು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ ಬರಬೇಕು, ಸದ್ದು ಮುರಿದು ಮುರಿದು ಬಂದರೆ ಏನೋ ಕೆಟ್ಟಿದೆ ಎನ್ನುವನು. ಅವನದು ಎರಡು ತುಂಡು ಹಿಪ್ಪುನೇರಳೆ ತೋಟ. ಒಂದರ ಸೊಪ್ಪು ಮುಗಿಯುವಷ್ಟರಲ್ಲಿ ಇನ್ನೊಂದು ಚಿಗುರಿರುತ್ತಿತ್ತು. ವರ್ಷಕ್ಕೆ ಒಂಬತ್ತೋ ಹತ್ತೋ ಬೆಳೆ. ಎರಡು ಜ್ವರ ಕಳೆದ ಮರಿಹುಳು ಮನೆಗೆ ಬಂದ ದಿನದಿಂದ ಗೂಡು ಬಿಡಿಸುವವರೆಗೆ ಇಪ್ಪತ್ತೆರಡು ದಿನ. ಹುಳು ಪೊರೆ ಬಿಡಲು ಸೊಪ್ಪು ಮುಟ್ಟದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಮೇಲೆ ಹುಳುಮನೆ ತೊಳೆದು, ಔಷಧಿ ಹೊಡೆದು, ಸುಣ್ಣ ಬಳಿದು, ಎರಡು ವಾರ ಖಾಲಿ ಬಿಡಬೇಕು. ಅವರ ಮನೆಯಲ್ಲಿ ತಿಂಗಳು, ವಾರ ಎಂದು ಯಾರೂ ಹೇಳುತ್ತಿರಲಿಲ್ಲ. ಬೆಳೆ ದಿನ, ಖಾಲಿ ದಿನ, ಅಷ್ಟೇ.

ಹುಳುವಿಗೆ ಹೊಗೆಸೊಪ್ಪು ಆಗದು. ಬೀಡಿ ಹಿಡಿದ ಕೈಯಲ್ಲಿ ಸೊಪ್ಪು ಮುಟ್ಟಿದರೂ ಸಾಕು, ತಿಂದ ಹುಳು ತಲೆ ಅಲ್ಲಾಡಿಸಿ ಹಸಿರು ನೀರು ಕಕ್ಕಿ ಸೊರಗಿ ಬೀಳುತ್ತದೆ. ಇದನ್ನು ಸುಬ್ಬರಾಯಪ್ಪ ಯಾರಿಂದಲೋ ಕೇಳಿ ಕಲಿತದ್ದಲ್ಲ. ಹದಿನೇಳು ವರ್ಷದವನಾಗಿದ್ದಾಗ ಬಣವೆ ಹಿಂದೆ ಕದ್ದು ಬೀಡಿ ಸೇದಿ, ಕೈ ತೊಳೆಯದೆ ಹೋಗಿ ಮೂರು ತಟ್ಟೆಗೆ ಸೊಪ್ಪು ಹಾಕಿದ್ದ. ಬೆಳಿಗ್ಗೆ ಮೂರೂ ತಟ್ಟೆ ಸತ್ತಿದ್ದವು. ಅಪ್ಪ ಹೊಡೆಯಲಿಲ್ಲ. ಸತ್ತ ಹುಳುವನ್ನೆಲ್ಲ ಅವನ ಕೈಯಲ್ಲೇ ಆರಿಸಿಸಿ, ಅವನ ಕೈಯಲ್ಲೇ ಗುಂಡಿ ತೋಡಿಸಿ ಹೂಳಿಸಿದ. ಅವತ್ತಿನಿಂದ ಬೆಳೆ ದಿನದಲ್ಲಿ ಬೀಡಿ ಎನ್ನುವ ಯೋಚನೆಯೇ ಅವನ ತಲೆಗೆ ಬರುತ್ತಿರಲಿಲ್ಲ. ಬಿಟ್ಟಿದ್ದೇನೆ ಎಂದೂ ಅನ್ನಿಸುತ್ತಿರಲಿಲ್ಲ. ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೋಗದಿರುವುದನ್ನು ಯಾರಾದರೂ ಚಪ್ಪಲಿ ಬಿಟ್ಟೆ ಎಂದು ಹೇಳಿಕೊಳ್ಳುತ್ತಾರೆಯೇ?

ಅವರ ಬೀದಿಯಲ್ಲಿ ಅಜ್ಜನ ಕಾಲದ ಒಂದು ಕಟ್ಟಳೆಯಿತ್ತು. ಬೆಳೆ ಒಳಗಿದ್ದರೆ ಹುಳುಮನೆಯ ಬಾಗಿಲಿಗೆ ಲಕ್ಕಿಸೊಪ್ಪಿನ ಕಟ್ಟು ಕಟ್ಟುವರು. ಅದನ್ನು ಕಂಡವನು ಬೀಡಿ ಆರಿಸಿ, ಹೊಸ್ತಿಲ ಬಳಿಯ ತೊಟ್ಟಿಯಲ್ಲಿ ಕೈಕಾಲು ತೊಳೆದು ಬರಬೇಕು, ಇಲ್ಲವೇ ಬೀದಿಯಲ್ಲೇ ನಿಂತು ಕೂಗಬೇಕು. ಸೊಪ್ಪು ಕಟ್ಟಿದ ಮನೆಯ ಯಜಮಾನನಿಗೆ ಬೇರೆ ಕಡೆ ಸಿಕ್ಕರೂ ಬೀಡಿ ಕೊಡುವಂತಿಲ್ಲ. ಬೆಳೆಯ ಶಾಪ ತಗಲುತ್ತದೆ ಎನ್ನುವ ಭಯ. ಬೆಳೆ ಇದ್ದಷ್ಟು ದಿನ ಭಾರತಮ್ಮ ದೇವರಿಗೂ ಊದುಬತ್ತಿ ಹಚ್ಚುತ್ತಿರಲಿಲ್ಲ, ದೀಪವೊಂದೇ. ಹುಳುಮನೆ ಅಡುಗೆಮನೆಗೆ ತಗುಲಿಕೊಂಡೇ ಇದ್ದದ್ದರಿಂದ ಮೆಣಸಿನಕಾಯಿ ಸುಡುವ ಒಗ್ಗರಣೆಯೂ ಇಲ್ಲ. ಬೇಯಿಸಿದ ಸೊಪ್ಪು, ಕಾಳು, ಬಸ್ಸಾರು, ಮುದ್ದೆ. ಬೆಳಿಗ್ಗೆ ಆರಕ್ಕೆ, ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ, ರಾತ್ರಿ ಒಂಬತ್ತಕ್ಕೆ ಹುಳುವಿಗೆ ಸೊಪ್ಪು. ದಿನಾ ಬಸ್ಸಿಗೆ ಹೋಗಿ ಬಂದು ಕೋಲಾರದಲ್ಲಿ ಡಿಗ್ರಿ ಓದುವ ಮಗಳು ರಂಜಿತ ಅವನ ಫೋನಿನಲ್ಲಿ ನಾಲ್ಕು ಹೊತ್ತಿಗೂ ಅಲಾರಂ ಇಟ್ಟುಕೊಟ್ಟಿದ್ದಳು. ಹುಳು ತಿಂದ ಮೇಲೆ ಮನೆಯವರ ಊಟ. ಹಾಗಾಗಿ ಬೆಳೆ ದಿನದಲ್ಲಿ ಸುಬ್ಬರಾಯಪ್ಪ ನಾಲ್ಕು ಹೊತ್ತು ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದ, ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ ಹೋಗುತ್ತಿದ್ದ.

ಖಾಲಿ ದಿನಗಳಲ್ಲಿ ಅವನು ಬೇರೆ ಮನುಷ್ಯ. ಬೆಳಿಗ್ಗೆ ಎದ್ದು ಬಸ್‌ಸ್ಟ್ಯಾಂಡಿಗೆ ಹೋದರೆ ಟೀ, ಬೀಡಿ, ಮತ್ತೆ ಟೀ. ಹಸಿವೆ ಎನ್ನುವುದು ಬೀಡಿಯ ಹೊಗೆಯಲ್ಲೇ ಕರಗಿಹೋಗುತ್ತಿತ್ತು. ಮಧ್ಯಾಹ್ನ ಮೆಣಸಿನಕಾಯಿ ಬಜ್ಜಿ, ಇನ್ನೊಂದು ಬೀಡಿ. ರಾತ್ರಿ ಮನೆಗೆ ಬಂದು ತಟ್ಟೆ ಮುಂದೆ ಕೂತರೆ ಸಾರಿಗೆ ಉಪ್ಪಿಲ್ಲ ಎಂದು ಗೊಣಗಿ, ಕಲ್ಲುಪ್ಪು ಕಲಸಿಕೊಂಡು, ಉಪ್ಪಿನಕಾಯಿ ನೆಂಚಿಕೊಂಡು ಅರ್ಧ ಮುದ್ದೆಗೆ ಕೈ ತೊಳೆಯುವನು.

ಆಸ್ಪತ್ರೆಗೆ ಅವರು ಯಾವಾಗಲೂ ಬೆಳೆ ನಡುವೆಯೇ ಹೋಗುತ್ತಿದ್ದದ್ದಕ್ಕೂ ಕಾರಣವಿತ್ತು. ಖಾಲಿ ದಿನದಲ್ಲಿ ಅವನು ಕೈಗೆ ಸಿಗುತ್ತಿರಲಿಲ್ಲ. ಬೆಳೆಯಲ್ಲಿ ಹುಳು ಜ್ವರಕ್ಕೆ ಕೂತ ದಿನ ಸೊಪ್ಪು ಹಾಕುವಂತಿಲ್ಲ, ಬಾಗಿಲು ಮುಚ್ಚಿ ಸುಮ್ಮನಿರಬೇಕು. ಆ ಒಂದು ದಿನ ಹಿಡಿದುಕೊಂಡು ಭಾರತಮ್ಮ ಅವನನ್ನು ಬಸ್ಸು ಹತ್ತಿಸುತ್ತಿದ್ದಳು.

ಮೂರನೇ ಸಲ ಹೋದಾಗ ಅಲ್ಲಿ ಚೈತನ್ಯ ಎಂಬ ಹೊಸ ಡಾಕ್ಟರಮ್ಮ ಇದ್ದರು. ವಯಸ್ಸು ಚಿಕ್ಕದು. ಅವನ ಪಾದ ತೊಡೆಯ ಮೇಲಿಟ್ಟುಕೊಂಡು ಹಿಮ್ಮಡಿ ಪಕ್ಕದಲ್ಲಿ ಬೆರಳಿಟ್ಟು ನಾಡಿ ಹುಡುಕಿದರು, ಬಹಳ ಹೊತ್ತು ಹುಡುಕಿದರು. ನಡೆದರೆ ಮೀನಖಂಡ ಹಿಡಿಯುತ್ತದೆಯೇ ಎಂದು ಕೇಳಿದರು. ಕೆರೆ ಕಟ್ಟೆಯ ಅರಳಿಮರ ಮುಟ್ಟುವಷ್ಟರಲ್ಲಿ ಎರಡು ಸಲ ಕೂರಬೇಕು ಎಂದ. ಬೀಡಿ ಸೇದುತ್ತೀರಾ ಎಂದು ಕೇಳಿದರು, ಇಲ್ಲ ಎಂದ. ಆಮೇಲೆ ದಿನಾ ಏನು ಊಟ ಮಾಡುತ್ತೀರಿ ಎಂದು ಕೇಳಿದರು. ಊಟದ ಮಾತಿಗೆ ಸುಬ್ಬರಾಯಪ್ಪ ಹೆಂಡತಿಯ ಮುಖ ನೋಡಿದ.

"ಯಾವ ಊಟ ಹೇಳ್ಲಿ ಮೇಡಂ, ಬೆಳೆ ದಿನದ್ದಾ, ಖಾಲಿ ದಿನದ್ದಾ?" ಎಂದಳು ಭಾರತಮ್ಮ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಎರಡೂ ಹೇಳಿ ಎಂದರು. ಭಾರತಮ್ಮ ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಮುದ್ದೆ, ಬಸ್ಸಾರು, ನಾಲ್ಕು ಹೊತ್ತು. ಆಮೇಲೆ ಟೀ, ಬಜ್ಜಿ, ಅರ್ಧ ಮುದ್ದೆ. ಮರಿಹುಳು ಬಂದ ಹತ್ತನೇ ದಿನಕ್ಕೆ ಹುಣ್ಣಿನ ಅಂಚು ಒಣಗುವುದನ್ನೂ, ಗೂಡು ಮಾರಿ ವಾರಕ್ಕೆ ಅದು ಒಡೆಯುವುದನ್ನೂ ಹೇಳಿದಳು. ಹುಣ್ಣು ತೊಳೆಯುವವಳು ಅವಳಾದ್ದರಿಂದ ಅದರ ದಿನಗಳೆಲ್ಲ ಅವಳಿಗೆ ಗೊತ್ತಿದ್ದವು. ಕೊನೆಗೆ ಉಪ್ಪಿನ ವಿಷಯಕ್ಕೆ ಬಂದಳು.

"ನಾನು ಹಾಕೋ ಉಪ್ಪು ಒಂದೇ ಮೇಡಂ, ಕೈ ಅಳತೆ. ಬೆಳೆ ದಿನ ಜಾಸ್ತಿಯಾಯ್ತು ಅಂತಾರೆ, ಖಾಲಿ ದಿನ ಉಪ್ಪೇ ಇಲ್ಲ ಅಂತಾರೆ. ಇವರ ನಾಲಿಗೇನೇ ಬೇರೆ ಆಗೋಗುತ್ತೆ."

"ಯಾಕೆ ಹಾಗೆ?"

"ಬೀಡಿ ಅಲ್ವಾ? ಆವಾಗ ಸೇದ್ತಾರಲ್ಲ, ದಿನಕ್ಕೆ ಒಂದೂವರೆ ಕಟ್ಟು."

ಮಳೆ ಬಂತು, ಬಿಸಿಲು ಬಂತು ಎನ್ನುವ ಹಾಗೆ ಹೇಳಿದಳು. ಡಾಕ್ಟರಮ್ಮ ಒಮ್ಮೆ ಅವಳನ್ನು ನೋಡಿದರು, ಒಮ್ಮೆ ಅವನನ್ನು ನೋಡಿದರು.

"ಈಗ ತಾನೇ ಇಲ್ಲ ಅಂದ್ರಲ್ಲ?"

"ಈಗ ಬೆಳೆ ಇದೆ ಮೇಡಂ," ಎಂದ ಸುಬ್ಬರಾಯಪ್ಪ, ಗೊತ್ತಿಲ್ಲದ ಮಗುವಿಗೆ ತಿಳಿಸಿ ಹೇಳುವವನಂತೆ.

ಅವರಿಗೆ ಮೊದಲು ನಗು ಬಂತು. ಹುಳುವಿನ ಕಥೆಯನ್ನು ಪೂರ್ತಿ ಕೇಳಿದ ಮೇಲೆ ನಗು ಹೋಯಿತು. "ಹಾಗಾದ್ರೆ ನಿಮ್ಮ ಬೆರಳಿಗಿಂತ ಆ ಹುಳುಗಳೇ ಪುಣ್ಯ ಮಾಡಿವೆ ಬಿಡಿ," ಎಂದು ಒಂದು ಕಾಗದ ತೆಗೆದು ಕಾಲಿನ ಚಿತ್ರ ಬರೆದು ತೋರಿಸಿದರು. ಹೊಗೆಸೊಪ್ಪು ಕಾಲಿನ ರಕ್ತನಾಳಗಳನ್ನು ಕಟ್ಟಿಹಾಕುತ್ತದೆ. ಬಿಟ್ಟ ದಿನಗಳಲ್ಲಿ ಬೆರಳಿಗೆ ಸ್ವಲ್ಪ ರಕ್ತ ಹರಿದು ಹುಣ್ಣು ಒಣಗಲು ನೋಡುತ್ತದೆ, ಮತ್ತೆ ಶುರು ಮಾಡಿದಾಗ ಮತ್ತೆ ಕಟ್ಟುತ್ತದೆ. ಕಡಿಮೆ ಮಾಡಿದರೆ ಸಾಲದು, ದಿನಕ್ಕೆ ಒಂದಾದರೂ ಕೆಡುಕೇ. ಹೀಗೇ ಹೋದರೆ ಮೊದಲು ಬೆರಳು ತೆಗೆಯಬೇಕಾಗುತ್ತದೆ, ಆಮೇಲೆ ಪಾದ. ಬೇಕಾದರೆ ಬಿಡಿಸಲು ಮಾತ್ರೆಯೂ ಇದೆ, ಅದಕ್ಕೆಂದೇ ಮಾತಾಡುವವರೂ ಇದ್ದಾರೆ ಎಂದರು. ಸುಬ್ಬರಾಯಪ್ಪ ಬೇಡ ಎಂದ. ವರ್ಷದಲ್ಲಿ ಇನ್ನೂರು ದಿನ ಮುಟ್ಟದೆ ಇರುವವನಿಗೆ ಯಾವ ಮಾತ್ರೆ?

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅಂತರಗಂಗೆ ಬೆಟ್ಟ ಹಿಂದೆ ಸರಿಯುವುದನ್ನು ನೋಡುತ್ತ ಅವನು ಹೆಂಡತಿಗೆ ಧೈರ್ಯ ಹೇಳಿದ. ಖಾಲಿ ದಿನ ಎಂದರೆ ಹದಿನೈದು ದಿನ ತಾನೇ, ಅದೇನು ದೊಡ್ಡದು. ಭಾರತಮ್ಮ ಮನಸ್ಸಿನಲ್ಲೇ ದೇವರನ್ನು ಬೇಡಿಕೊಳ್ಳುತ್ತಿದ್ದಳು.

ಆ ಬೆಳೆ ಚೆನ್ನಾಗಿ ಬಂತು. ಗೂಡು ಗಟ್ಟಿಯಾಗಿ, ಬೆಳ್ಳಗೆ, ಅಲ್ಲಾಡಿಸಿದರೆ ಒಳಗೆ ಕಾಳಿನ ಹಾಗೆ ಸದ್ದಾಗುತ್ತಿತ್ತು. ಬೆಳಗಿನ ಜಾವ ಮೂಟೆ ಕಟ್ಟಿ ಟೆಂಪೋದಲ್ಲಿ ಮಾರುಕಟ್ಟೆಗೆ ಹೊರಟ. ಜೊತೆಗೆ ಭಾರತಮ್ಮನ ತಮ್ಮ ಕದಿರೇಶ್. ಅವನು ಶ್ರೀನಿವಾಸಪುರದ ಗಡಿ ಕಡೆಯವನು, ಇಲ್ಲಿಗೇ ಬಂದು ನೆಲೆಸಿ ಹತ್ತು ವರ್ಷವಾದರೂ ಬಾಯಲ್ಲಿ ಅರ್ಧ ತೆಲುಗು. ಹರಾಜು ಮುಗಿಯುವಷ್ಟರಲ್ಲಿ ಬಿಸಿಲೇರಿತ್ತು. ಇಬ್ಬರೂ ಮಾರುಕಟ್ಟೆ ಎದುರಿನ ಆಂಜಿಯ ಟೀ ಅಂಗಡಿಗೆ ಬಂದರು. ಖಾಲಿ ಹೊಟ್ಟೆ. ಆಂಜಿ ಕೇಳದೆಯೇ ಟೀ ಇಟ್ಟ, ಬಜ್ಜಿ ಇಟ್ಟ. ಕದಿರೇಶ್ ಕೇಳದೆಯೇ ಒಂದೇ ಕಡ್ಡಿಯಲ್ಲಿ ಎರಡು ಬೀಡಿ ಹಚ್ಚಿ ಒಂದನ್ನು ಬಾವನ ಕಡೆ ಚಾಚಿದ. ಹತ್ತು ವರ್ಷದಿಂದ ಪ್ರತಿ ಬೆಳೆಗೂ ಹಾಗೇ ನಡೆದಿತ್ತು. ಸುಬ್ಬರಾಯಪ್ಪನ ಕೈ ತಾನೇ ಹೋಗಿ ತೆಗೆದುಕೊಂಡಿತು. ರೇಟಿನ ಮಾತಾಡುತ್ತ ಅರ್ಧ ಸೇದಿದ ಮೇಲೆ ಅವನಿಗೆ ನೆನಪಾಯಿತು. ಬೀಡಿಯನ್ನು ನೆಲಕ್ಕೆ ಹಾಕಿ ಎಡಗಾಲಲ್ಲಿ ಹೊಸಕಿದ. ಯಾಕೆ ಎಂದು ಯಾರೂ ಕೇಳಲಿಲ್ಲ, ಯಾರ ಗಮನಕ್ಕೂ ಬರಲಿಲ್ಲ. ಅದೇ ಅವನನ್ನು ಹೆದರಿಸಿತು. ತಾನು ಸೇದಿದ್ದು ತನಗೇ ಗೊತ್ತಾಗದ ಹಾಗೆ ಆಗಿಹೋಗಿತ್ತು.

ಸಂಜೆ ಊಟಕ್ಕೆ ಕೂತಾಗ ಅವರೆಕಾಳಿನ ಸಾರು ಬಡಿಸಿದ ಭಾರತಮ್ಮನಿಗೆ ಅವನು ಎಂದಿನಂತೆ ಉಪ್ಪಿನ ಡಬ್ಬಿ ಕೊಡು ಎಂದ. ಒಂದು ತುತ್ತೂ ಬಾಯಿಗಿಟ್ಟಿರಲಿಲ್ಲ. ಖಾಲಿ ದಿನದ ಬಾಯಿ ಅಭ್ಯಾಸಬಲದಿಂದ ಕೇಳಿತ್ತು. ಸೌಟು ಹಿಡಿದ ಅವಳ ಕೈ ಅಲ್ಲೇ ನಿಂತಿತು.

"ಎಷ್ಟು ಸೇದಿದ್ರಿ?" ಎಂದಳು.

"ಅರ್ಧ."

ಅವಳು ಬೈಯಲಿಲ್ಲ, ಅಳಲಿಲ್ಲ. ಉಪ್ಪಿನ ಡಬ್ಬಿ ಕೊಡಲೂ ಇಲ್ಲ. ಇನ್ನೊಂದು ಸೌಟು ಸಾರು ಬಿಟ್ಟು, "ಹಂಗೇ ಉಣ್ಣಿ, ಕಾಳು ಇವತ್ತು ಚೆನ್ನಾಗಿ ಬೆಂದಿದೆ," ಎಂದಷ್ಟೇ ಹೇಳಿದಳು. ಅವನು ಹಾಗೇ ಉಂಡ. ಉಣ್ಣುತ್ತ ಯೋಚಿಸಿದ. ಇಪ್ಪತ್ತೆರಡು ದಿನ ಬೀಡಿಯ ನೆನಪೇ ಬಾರದವನು ಅದೇ ಅವನು. ಅರ್ಧ ದಿನದಲ್ಲಿ ಸೋತವನೂ ಅದೇ ಅವನು. ಹಾಗಾದರೆ ಬೆಳೆ ದಿನದಲ್ಲಿ ತನ್ನನ್ನು ಕಾದದ್ದು ತನ್ನ ಗಟ್ಟಿತನವಲ್ಲ. ಹೊತ್ತಿಗೆ ಕೂಗುವ ಅಲಾರಂ ಇತ್ತು, ತುಂಬಿದ ಹೊಟ್ಟೆ ಇತ್ತು, ಬಾಗಿಲ ಮೇಲೆ ಸೊಪ್ಪು ಇತ್ತು, ಆ ಸೊಪ್ಪನ್ನು ನೋಡಿ ಬೀಡಿ ಬಚ್ಚಿಡುವ ಬೀದಿ ಇತ್ತು. ಇವೆಲ್ಲ ಒಟ್ಟಿಗೆ ಹೋಗುವ ದಿನ ತಾನೂ ಹೋಗುತ್ತಿದ್ದ.

ಮರುದಿನ ಬೆಳಿಗ್ಗೆ ಎದ್ದವನೇ ತೋಟದ ಬದುವಿನಿಂದ ಲಕ್ಕಿಸೊಪ್ಪು ಕೊಯ್ದು ತಂದ. ತೊಳೆದು ಖಾಲಿ ಬಿಟ್ಟಿದ್ದ ಹುಳುಮನೆಯನ್ನು ದಾಟಿ ಬಂದು, ತಾವು ವಾಸಿಸುವ ಮನೆಯ ತಲೆಬಾಗಿಲಿಗೆ ಆ ಕಟ್ಟನ್ನು ಕಟ್ಟಿದ. ಹುಳುಮನೆ ಹೊಸ್ತಿಲಲ್ಲಿದ್ದ ಕೈಕಾಲು ತೊಳೆಯುವ ತೊಟ್ಟಿಯನ್ನೂ ಎಳೆದು ತಂದು ಜಗಲಿ ಪಕ್ಕಕ್ಕಿಟ್ಟ. ಅಲಾರಂ ತೆಗೆಯಲು ಫೋನು ಕೇಳಿದ ರಂಜಿತಳಿಗೆ, ಇರಲಿ ಬಿಡು ಎಂದ.

ಭಾರತಮ್ಮ ಪೂಜೆಗೆ ಕೂತವಳು ಎದ್ದು ಬಂದು ಬಾಗಿಲ ಮೇಲಿನ ಸೊಪ್ಪು ನೋಡಿದಳು. ಅವಳ ಕೈಯಲ್ಲಿ ಊದುಬತ್ತಿ ಇತ್ತು. ಬೆಳೆಯಿದ್ದರೆ ಹಚ್ಚುವಂತಿಲ್ಲವಲ್ಲ.

"ದೇವರಿಗೆ ಹಚ್ಲಾ, ಬೇಡ್ವಾ?"

"ಹಚ್ಚೇ, ಪಾಪ. ಆ ಸ್ವಾಮಿ ಏನ್ ಮಾಡಿದ್ದಾನೆ?" ಎಂದ.

ಅವಳು ಒಳಗೆ ಹೋಗಿ ಹಚ್ಚಿದಳು. ಆ ದಿನ ಮಂಗಳಾರತಿ ಸ್ವಲ್ಪ ಹೊತ್ತು ಜಾಸ್ತಿಯೇ ನಡೆಯಿತು.

ಹತ್ತು ಗಂಟೆಗೆ ಕದಿರೇಶ್ ಬಂದ. ಬೀದಿ ತಿರುವಿನಲ್ಲಿ ಸೊಪ್ಪು ಕಂಡದ್ದೇ ಅವನ ಕಾಲು ನಿಂತಿತು. ಬಾಯಲ್ಲಿದ್ದ ಬೀಡಿ ತೆಗೆದು ಕಲ್ಲಿಗೆ ಉಜ್ಜಿ ಆರಿಸಿ, ಕಿವಿಯ ಮೇಲಿದ್ದ ಇನ್ನೊಂದನ್ನೂ ತೆಗೆದು ಕಾಂಪೌಂಡಿನ ಮೇಲಿಟ್ಟು, ತೊಟ್ಟಿಯಲ್ಲಿ ಕೈಕಾಲು ತೊಳೆದು ಜಗಲಿಗೆ ಬಂದ. ಆಮೇಲೆಯೇ ಅವನಿಗೆ ಅನುಮಾನ ಬಂದದ್ದು.

"ಏಂ ಬಾವ, ನಿನ್ನೆ ತಾನೇ ಗೂಡು ಮಾರಿ ಬಂದ್ವಲ್ಲ. ಇದ್ಯಾವ ಬೆಳೆ?"

ಸುಬ್ಬರಾಯಪ್ಪ ಜಗಲಿಯ ಮೇಲೆ ಬಲಗಾಲು ಚಾಚಿ, ಪಟ್ಟಿ ಕಟ್ಟಿದ ಬೆರಳು ತೋರಿಸಿದ. "ಇದೇ ಕಣೋ. ಇದಕ್ಕೂ ಹೊಗೆ ಆಗಲ್ವಂತೆ."

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದ. ಕದಿರೇಶ್ ಬಗ್ಗಿ ಆ ಬೆರಳನ್ನು ನೋಡಿದ. ಹಿಂದಿನ ದಿನ ಬೀಡಿ ಹಚ್ಚಿಕೊಟ್ಟವನು ತಾನೇ ಎಂಬುದು ಅವನ ಮನಸ್ಸಿಗೆ ಬಂದಿರಬೇಕು. ಹೋಗುವಾಗ ಕಾಂಪೌಂಡಿನ ಮೇಲಿಟ್ಟಿದ್ದ ಬೀಡಿಯನ್ನು ಮರೆತು ಹೋದನೋ, ಬಿಟ್ಟು ಹೋದನೋ, ಅದು ಮಳೆಗೆ ನೆನೆದು ಹಾಳಾಯಿತು.

ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ನಕ್ಕವರೇ ಹೆಚ್ಚು. ಡೈರಿಗೆ ಹಾಲು ಹಾಕಲು ಹೋದರೆ, ಸುಬ್ಬರಾಯಪ್ಪನ ಬೆರಳಿಗೆ ಈಗ ಎಷ್ಟನೇ ಜ್ವರ ಎಂದು ಕೇಳುವರು. ಮೂರನೇದು, ನಾಳೆ ಪೊರೆ ಬಿಡುತ್ತೆ ಎಂದು ಅವನೂ ಹೇಳುವನು. ಆದರೆ ನಕ್ಕವರು ಯಾರೂ ಅವನ ಮುಂದೆ ಬೀಡಿ ಚಾಚಲಿಲ್ಲ. ಸೊಪ್ಪು ಕಟ್ಟಿದ ಮನೆಯವನಿಗೆ ಕೊಡಬಾರದು ಎನ್ನುವುದು ಅವರ ನಗುವಿಗಿಂತ ಹಳೆಯದು.

ಹದಿನೈದು ದಿನ ಸುಲಭವಾಗಿ ಕಳೆಯಿತು ಎಂದು ಹೇಳಿದರೆ ತಪ್ಪಾದೀತು. ನಾಲ್ಕನೇ ದಿನ ಕಾರಣವಿಲ್ಲದೆ ಮಗಳ ಮೇಲೆ ರೇಗಿದ. ಐದನೇ ದಿನ ಆಗಲೇ ಸುಣ್ಣ ಬಳಿದಿದ್ದ ಹುಳುಮನೆಗೆ ಮತ್ತೊಂದು ಸಲ ಸುಣ್ಣ ಬಳಿದ. ಕೈಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಅಲಾರಂ ಕೂಗುತ್ತಿತ್ತು. ಕೂಗಿದಾಗ ಎದ್ದು, ತೊಟ್ಟಿಯಲ್ಲಿ ಕೈಕಾಲು ತೊಳೆದು ಒಳಗೆ ಬಂದು ಕೂರುವನು. ಆರಕ್ಕೆ ರಾಗಿ ಅಂಬಲಿ, ಹನ್ನೊಂದಕ್ಕೆ ಮುದ್ದೆ, ನಾಲ್ಕಕ್ಕೆ ಹುರಿದ ಕಡಲೆಕಾಯಿಯೋ ಒಂದು ಸೀಬೆಹಣ್ಣೋ, ಒಂಬತ್ತಕ್ಕೆ ಅನ್ನ ಸಾರು. ಹೊಟ್ಟೆ ತುಂಬಿದ್ದಾಗ ಬೀಡಿಯ ಕರೆ ಸಣ್ಣದಾಗುವುದನ್ನು ಅವನು ಕಂಡುಕೊಂಡ. ಟೀಯನ್ನು ಅವನು ಬಿಡಲಿಲ್ಲ, ಆದರೆ ಬಸ್‌ಸ್ಟ್ಯಾಂಡಿಗೆ ಹೋಗದೆ ಮನೆಯಲ್ಲೇ ಕುಡಿದ. ಸಂಜೆ ಕೆರೆ ಕಟ್ಟೆಯ ಮೇಲೆ ನಡೆದ. ಮೊದಲು ಎರಡು ಸಲ ಕೂರಬೇಕಾಗುತ್ತಿದ್ದುದು ಒಂದು ಸಲಕ್ಕೆ ಬಂತು. ಹನ್ನೆರಡನೇ ದಿನ ಬಸ್ಸಾರು ಬಾಯಿಗಿಟ್ಟವನು ಮುಖ ಕಿವುಚಿದ.

"ಏನೇ, ಉಪ್ಪು ಜಾಸ್ತಿ ಆಗಿದೆ."

ಭಾರತಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಖಾಲಿ ದಿನದಲ್ಲಿ ಆ ಮಾತು ಅವಳು ಕೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಹೊಸ ಮರಿಹುಳು ಬಂದವು. ಎರಡು ಬಾಗಿಲಿಗೂ ಎರಡು ಕಟ್ಟು ಸೊಪ್ಪು. ಗೂಡು ಬಿಡಿಸಿದ ದಿನ ಹುಳುಮನೆಯ ಕಟ್ಟು ಇಳಿಯಿತು, ಮನೆಯದು ಇಳಿಯಲಿಲ್ಲ. ಮಾರುಕಟ್ಟೆಗೆ ಹೊರಡುವ ಮೊದಲು ಅವನು ಒಂದು ಡಬ್ಬಿ ಮುದ್ದೆ ಸಾರು ಕಟ್ಟಿಸಿಕೊಂಡ. ಆಂಜಿಯ ಅಂಗಡಿಯಲ್ಲಿ ಕೂತು ಅದನ್ನೇ ಬಿಚ್ಚಿ ಉಂಡ. ಕದಿರೇಶ್ ಅಂಗಡಿಯ ಹಿಂದಕ್ಕೆ ಹೋಗಿ ಬೀಡಿ ಸೇದಿ ಬಂದು, ಆಂಜಿಯ ಬಿಂದಿಗೆಯ ನೀರಲ್ಲಿ ಕೈ ತೊಳೆದು ಪಕ್ಕಕ್ಕೆ ಕೂತ.

ಅದಾದ ಮೂರನೇ ದಿನ, ಹುಳುಮನೆ ಖಾಲಿಯಿದ್ದಾಗಲೇ, ಸುಬ್ಬರಾಯಪ್ಪ ತಾನಾಗಿ ಹೊರಟು ನಿಂತ. ಭಾರತಮ್ಮ ಬಸ್ಸು ಹತ್ತಿಸಬೇಕಾಗಲಿಲ್ಲ. ಡಾಕ್ಟರಮ್ಮ ಪಟ್ಟಿ ಬಿಚ್ಚಿ ನೋಡಿದರು. ಹುಣ್ಣಿನ ಮೇಲೆ ಹೊಸ ಚರ್ಮ ಗುಲಾಬಿ ಬಣ್ಣದಲ್ಲಿ ಕೂಡಿಕೊಂಡಿತ್ತು. ಬೆರಳಿನ ತುದಿಯ ನೇರಳೆ ಬಣ್ಣ ಪೂರ್ತಿ ಹೋಗಿರಲಿಲ್ಲ, ಆದರೆ ಮುಟ್ಟಿದರೆ ಬೆಚ್ಚಗಿತ್ತು. ಹಿಮ್ಮಡಿ ಪಕ್ಕದಲ್ಲಿ ಬೆರಳಿಟ್ಟು ಕಣ್ಣು ಮುಚ್ಚಿ ಕೂತವರು, ಈ ಸಲ ಬಹಳ ಹೊತ್ತು ಹುಡುಕಲಿಲ್ಲ. ಈಗಂತೂ ಬೆರಳು ತೆಗೆಯುವ ಮಾತಿಲ್ಲ, ಹೀಗೇ ಇದ್ದರೆ ಮುಂದೆಯೂ ಬರಲಾರದು ಎಂದರು. ಆಮೇಲೆ ಪೆನ್ನು ತೆಗೆದು, ಬರೆಯುವ ಮೊದಲು ಅವನ ಮುಖ ನೋಡಿದರು.

"ಬೀಡಿ ಸೇದ್ತೀರಾ?"

"ಬೆಳೆ ಇದೆ ಮೇಡಂ."

ಡಾಕ್ಟರಮ್ಮನ ಪೆನ್ನು ನಿಂತಿತು. ಹಾಗಾದರೆ ಬೆಳೆ ಮುಗಿದ ಮೇಲೆ ಎಂದು ಕೇಳಲು ಅವರು ಬಾಯಿ ತೆರೆಯುವಷ್ಟರಲ್ಲಿ ಭಾರತಮ್ಮ ಮುಂದೆ ಬಂದಳು.

"ಹುಳುಮನೆ ಖಾಲಿ ಮೇಡಂ. ಇವರು ಹೇಳ್ತಿರೋದು ಮನೆ ಬೆಳೆ. ಅದು ಮುಗಿಯೋದಲ್ಲ."